ಸೆಕೆಯ ಊರಿಗೆ ಬಟ್ಟೆ ಜೋಡಿಸುವಾಗ
ಗಾಳಿಯಲ್ಲೇ ತೇವ ತುಂಬಿರುವ ಕಡೆ ಮೈಬೆವರೂ ಬೇಗ ಆರುವುದಿಲ್ಲ, ಒಗೆದ ಬಟ್ಟೆಯೂ ಆರುವುದಿಲ್ಲ. ಹಾಗಾಗಿ ಜೀನ್ಸ್ ಮನೆಯಲ್ಲೇ ಇರಲಿ. ಒಮ್ಮೆ ನೆನೆದರೆ ಸೊಂಟಪಟ್ಟಿ, ಜೇಬಿನ ಹೊಲಿಗೆ ಮರುದಿನವೂ ತಣ್ಣಗೇ ಇರುತ್ತವೆ. ವಾರದ ಪ್ರಯಾಣಕ್ಕೆ ತೆಳು ಹತ್ತಿ ಅಥವಾ ಲಿನನ್ನಿನ 4 ಸಡಿಲ ಅಂಗಿ, 2 ಪ್ಯಾಂಟು, 6 ಜೊತೆ ಒಳಉಡುಪು ಸಾಕು. ತಿಳಿಬೂದು ಬಣ್ಣ ಬೇಡ, ಬೆವರಿನ ಗುರುತು ಎದ್ದು ಕಾಣುತ್ತದೆ. ಎಸಿ ಬಸ್ಸಿಗೆ ಒಂದು ತೆಳು ಶಾಲು.

ರಾತ್ರಿ ಒಗೆದ ಅಂಗಿಯನ್ನು ಒಣ ಟವೆಲಿನಲ್ಲಿ ಸುರುಳಿ ಸುತ್ತಿ, ಮೊಣಕಾಲೂರಿ ಒತ್ತಿ, ಆಮೇಲೆ ಫ್ಯಾನಿನ ಕೆಳಗೆ ಹರವಿ. ಬೆಳಿಗ್ಗೆ ಕಾಲರ್, ಕಂಕುಳಿನ ಹೊಲಿಗೆ ಮುಟ್ಟಿ ನೋಡಿ. ತುಸು ತೇವವಿದ್ದರೂ ಚೀಲಕ್ಕೆ ಹಾಕಲೇಬೇಡಿ, ಮುಗ್ಗಲು ವಾಸನೆ ಉಳಿದ ಬಟ್ಟೆಗಳಿಗೂ ಹತ್ತುತ್ತದೆ. ತೊಟ್ಟು ಬಿಚ್ಚಿದ ಬಟ್ಟೆಗೆ ಪ್ಲಾಸ್ಟಿಕ್ ಕವರಿಗಿಂತ ಗಾಳಿಯಾಡುವ ಜಾಲರಿ ಚೀಲವೇ ಸರಿ.