ಹೆಸರು ವ್ಯಾಪಾರಿಯದು, ಮಷಿನ್ ಯಾರದು? ಹಳೇ ಕಿಸೆಗಡಿಯಾರಕ್ಕೆ ಕೇಸ್ ಹೊಂದಿಸಿದ ನನ್ನ ಅನುಭವ

ಹುಬ್ಬಳ್ಳಿಯ ದುರ್ಗದಬೈಲಿನ ಸುತ್ತ ಹಳೇ ಸಾಮಾನು ಮಾರುವವರ ಹತ್ತಿರ ಕಿಸೆಗಡಿಯಾರದ ಮಷಿನ್ (ಒಳಗಿನ ಯಂತ್ರ) ಸಿಗುತ್ತದೆ, ಕೇಸ್ (ಹೊರಗಿನ ಕವಚ) ಸಿಗುವುದಿಲ್ಲ. ಕೇಸ್ ಬೆಳ್ಳಿಯದಾಗಿದ್ದರೆ ಅದು ಯಾವತ್ತೋ ಸರಾಫರ ಮೂಸೆ ಸೇರಿರುತ್ತದೆ. ಮಷಿನ್ ತೂಕಕ್ಕೆ ಬರುವುದಿಲ್ಲ, ಹಾಗಾಗಿ ಸ್ಕ್ರೂ ಡಬ್ಬಿಯ ತಳಕ್ಕೆ ಬೀಳುತ್ತದೆ. ಕೇಳಿದರೆ “ರೈಲ್ವೆ ವಾಚಿಂದು ಐತ್ರಿ ಇದು” ಅನ್ನುತ್ತಾರೆ. ಈ ಊರಲ್ಲಿ ಹಳೇ ಕಿಸೆಗಡಿಯಾರವೆಲ್ಲ ರೈಲ್ವೆ ವಾಚೇ. ಡಯಲ್ ಮೇಲೆ ಇಂಜಿನ್ ಚಿತ್ರ ಇದ್ದ ಮಾತ್ರಕ್ಕೆ ಅದು ರೈಲ್ವೆಯವರು ಕೊಟ್ಟದ್ದಲ್ಲ. ಅಗ್ಗದ ರೊಸ್ಕೋಫ್ ಗಡಿಯಾರಗಳ ಮೇಲೂ ಅಂದಕ್ಕೆಂದು ಇಂಜಿನ್ ಬಿಡಿಸುತ್ತಿದ್ದರು. ಎಂ. ಆ್ಯಂಡ್ ಎಸ್.ಎಂ. (ಮದರಾಸ್ ಆ್ಯಂಡ್ ಸದರ್ನ್ ಮರಾಠಾ) ರೈಲ್ವೆಯ ಅಕ್ಷರಗಳಿದ್ದರೆ ಮಾತು ಬೇರೆ. ಆ ಕಂಪನಿ ಆದದ್ದು 1908ರಲ್ಲಿ, 1951ರ ಏಪ್ರಿಲ್‌ನಲ್ಲಿ ಅದು ದಕ್ಷಿಣ ರೈಲ್ವೆಯೊಳಗೆ ಸೇರಿತು. ಅಷ್ಟರ ನಡುವಿನದು ಎಂದು ಹೇಳಬಹುದು.

ನನ್ನ ಕೈಗೆ ಬಂದ ಮಷಿನ್‌ಗೆ ಬಿಳಿ ಎನಾಮಲ್ ಡಯಲ್, 6ರ ಹತ್ತಿರ ಸೆಕೆಂಡಿನ ಸಣ್ಣ ಡಯಲ್. 12ರ ಕೆಳಗೆ ಮುಂಬಯಿಯ ಒಬ್ಬ ವ್ಯಾಪಾರಿಯ ಹೆಸರು, ಕೆಳಗಂಚಿಗೆ ‘ಸ್ವಿಸ್ ಮೇಡ್’. ಕೇಸ್ ಇಲ್ಲ, ಚಾವಿ (ಮೇಲಿನ ತಿರುಗಿಸುವ ತಲೆ) ಇಲ್ಲ, ಸ್ಟೆಮ್ (ಚಾವಿಯಿಂದ ಮಷಿನ್ ಒಳಗೆ ಹೋಗುವ ಕಡ್ಡಿ) ಅರ್ಧಕ್ಕೆ ಮುರಿದಿತ್ತು. ಬ್ಯಾಲೆನ್ಸ್ (ಹಿಂದುಮುಂದು ಆಡುತ್ತ ಸಮಯ ಅಳೆಯುವ ಚಕ್ರ) ಮಾತ್ರ ಊದಿದರೆ ಆಡುತ್ತಿತ್ತು. ಕೊಳ್ಳುವಾಗ ನಾನು ನೋಡುವುದು ಅದೊಂದನ್ನೇ. ಬ್ಯಾಲೆನ್ಸ್ ಸ್ಟಾಫ್ (ಆ ಚಕ್ರದ ಅಚ್ಚು) ಮುರಿದಿದ್ದರೆ ಉಳಿದ ಕೆಲಸಕ್ಕೆ ಕೈ ಹಾಕುವುದು ದಂಡ.

ಡಯಲ್ ಮೇಲಿನ ಹೆಸರು ಮಾರಿದವನದು, ಮಾಡಿದವನದಲ್ಲ. ಮದರಾಸಿನ ಪಿ. ಓರ್ ಆ್ಯಂಡ್ ಸನ್ಸ್, ಕಲ್ಕತ್ತೆಯ ಕುಕ್ ಆ್ಯಂಡ್ ಕೆಲ್ವಿ ಮುಂತಾದ ದೊಡ್ಡ ಅಂಗಡಿಗಳು ಪರದೇಶದಿಂದ ಮಷಿನ್ ತರಿಸಿ ತಮ್ಮ ಹೆಸರು ಹಾಕಿಸಿ ಮಾರುತ್ತಿದ್ದವು. ವೆಸ್ಟ್ ಎಂಡ್ ವಾಚ್ ಕಂಪನಿಯ ಹೆಸರಿನ ಕೆಳಗೆ ಲಾಂಜಿನ್ಸ್ ಮಷಿನ್ ಇರುವುದುಂಟು. ಆದ್ದರಿಂದ ಹುಡುಕಾಟ ಎರಡು ದಾರಿಯದು: ಮಾರಿದವನು ಯಾವ ಕಾಲದವನು, ಮಾಡಿದವನು ಯಾರು.

ಮೊದಲನೆಯದು ಸುಲಭ. ಬ್ರಿಟನ್ನಿನಲ್ಲಿ 1887ರಲ್ಲಿ, ಇಲ್ಲಿ 1889ರಲ್ಲಿ ಸರಕಿನ ಗುರುತಿನ ಕಾಯ್ದೆ ಬಂತು. ಪರದೇಶಿ ಮಾಲಿನ ಮೇಲೆ ಇಲ್ಲಿಯ ವ್ಯಾಪಾರಿಯ ಹೆಸರಿದ್ದರೆ ತಯಾರಾದ ದೇಶವನ್ನೂ ಹೇಳಬೇಕಾಯಿತು. ಮುಂಬಯಿ ಹೆಸರಿನ ಜೊತೆಗೆ ‘ಸ್ವಿಸ್’ ಕಂಡರೆ ಬಹುಮಟ್ಟಿಗೆ ಅದರ ಈಚಿನದು. ಇನ್ನು ಥ್ಯಾಕರ್ ಡೈರೆಕ್ಟರಿಯ ಹಳೇ ಸಂಪುಟಗಳಲ್ಲಿ ಊರುವಾರು ವ್ಯಾಪಾರಿಗಳ ಪಟ್ಟಿ ಇದೆ, ಕೆಲವು ಸಂಪುಟಗಳು ಅಂತರ್ಜಾಲದಲ್ಲೇ ಸಿಗುತ್ತವೆ. ಹೆಸರು ಯಾವ ವರ್ಷ ಮೊದಲು ಕಾಣುತ್ತದೆ, ಯಾವ ವರ್ಷ ವಿಳಾಸ ಬದಲಾಗುತ್ತದೆ, ಯಾವಾಗ ಮಾಯವಾಗುತ್ತದೆ ಎಂದು ಗುರುತು ಹಾಕಿಕೊಂಡೆ. ಡಯಲ್ ಮೇಲೆ ಬೀದಿಯ ಹೆಸರೂ ಇದ್ದರೆ ಕಾಲದ ಅಂದಾಜು ಇನ್ನೂ ಬಿಗಿಯಾಗುತ್ತದೆ.

ಅದಕ್ಕೂ ಮುಂಚೆ, ಹೆಸರು ಮೂಲದ್ದೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಹಿಡಿದು, ದೀಪವನ್ನು ಓರೆಯಾಗಿಟ್ಟು ನೋಡಿದರೆ ಸಾಕು. ಕುಲುಮೆಯಲ್ಲಿ ಸುಟ್ಟ ಅಕ್ಷರ ಎನಾಮಲ್ಲಿನ ಹೊಳಪಿನೊಳಗೇ ಕೂತಿರುತ್ತದೆ. ಆಮೇಲೆ ಬರೆದದ್ದು ಮೇಲೆ ಎದ್ದು ನಿಂತು ಅಂಚು ಹರಿದಂತೆ ಕಾಣುತ್ತದೆ. ನೇಲ್ ಪಾಲಿಶ್ ತೆಗೆಯುವ ದ್ರಾವಣ ಹಚ್ಚಿ ಪರೀಕ್ಷೆ ಮಾಡುವವರಿದ್ದಾರೆ. ಬೇಡ. ಮೂಲದ್ದೇ ಆಗಿದ್ದರೂ ಕೆಲವು ಹೆಸರುಗಳು ಸುಡದೆ ಅಚ್ಚೊತ್ತಿದವು, ಒಂದೇ ಒರಸಿಗೆ ಹೋಗಿಬಿಡುತ್ತವೆ.

ಮಾಡಿದವನ ಗುರುತು ಡಯಲ್ ಕೆಳಗಿರುತ್ತದೆ. ಡಯಲ್ ಬಿಚ್ಚುವ ಮೊದಲು ಗಡಿಯಾರ ಓಡಿಸುವ ಸುರುಳಿಯಾದ ಮೇನ್‌ಸ್ಪ್ರಿಂಗಿನ ಬಿಗಿ ಇಳಿಸಬೇಕು. ಸ್ಟೆಮ್ ಮುರಿದಿದ್ದರಿಂದ ರಾಚೆಟ್ ಚಕ್ರದ ಸ್ಕ್ರೂಗೆ ಸ್ಕ್ರೂಡ್ರೈವರ್ ಕೊಟ್ಟು, ಚಾವಿ ಕೊಡುವ ದಿಕ್ಕಿಗೆ ಕೂದಲೆಳೆಯಷ್ಟು ತಿರುಗಿಸಿ, ಕ್ಲಿಕ್ (ಚಕ್ರ ಹಿಂದಕ್ಕೆ ತಿರುಗದಂತೆ ತಡೆಯುವ ಕೊಂಡಿ) ಎತ್ತಿ, ಬೆರಳಿನಲ್ಲೇ ತಡೆದು ತಡೆದು ಬಿಟ್ಟೆ. ಡಯಲ್ ಕಾಲುಗಳ ಸ್ಕ್ರೂ ಪ್ಲೇಟಿನ ಅಂಚಿನಲ್ಲಿರುತ್ತವೆ, ಅವುಗಳನ್ನು ಪೂರ್ತಿ ತೆಗೆಯದೆ ಎರಡು ಸುತ್ತು ಸಡಿಲಿಸಿದರೆ ಆಯಿತು. ಡಯಲ್ ಬರದಿದ್ದರೆ ಒಂದು ಕಡೆಯಿಂದ ಎಬ್ಬಬಾರದು, ಎನಾಮಲ್ ಕಾಲಿನ ಬುಡದಲ್ಲೇ ಸೀಳುತ್ತದೆ.

ಕೆಳಗೆ ಹುಡುಕಬೇಕಾದದ್ದು ಮೂರು. ಒಂದು, ತಯಾರಕರ ಮುದ್ರೆ. ರೆಕ್ಕೆಯ ಮರಳುಗಡಿಯಾರ ಕಂಡರೆ ಲಾಂಜಿನ್ಸ್, ಸಂಖ್ಯೆ ಕೊಟ್ಟು ಸೇಂಟ್ ಇಮಿಯೆಯ ಅವರ ದಫ್ತರಕ್ಕೆ ಬರೆದರೆ ಯಾವ ವರ್ಷ ಯಾರಿಗೆ ಕಳಿಸಿದ್ದು ಎಂದು ಹೇಳುತ್ತಾರೆ. ಎರಡು, ಶಿಲುಬೆಯ ಜೊತೆ ಒಂದು ಸಂಖ್ಯೆ. ಅದು ಸ್ವಿಸ್ ಪೇಟೆಂಟ್. ಅಲ್ಲಿ ಪೇಟೆಂಟ್ ಶುರುವಾದದ್ದು 1888ರಲ್ಲಿ, 1ನೇ ನಂಬರಿನಿಂದ. ಯುರೋಪಿನ ಪೇಟೆಂಟ್ ಕಚೇರಿಯ ತಾಣದಲ್ಲಿ ಅಂಕಿ ಹಾಕಿದರೆ ಮೂಲ ಚಿತ್ರದ ಸಮೇತ ಬರುತ್ತದೆ. ಮೂರು, ಸೆಟ್ಟಿಂಗ್ ಲಿವರಿನ (ಮುಳ್ಳು ತಿದ್ದಲು ಚಾವಿ ಎಳೆದಾಗ ಆಡುವ ಸನ್ನೆಯ) ಸ್ಪ್ರಿಂಗ್. ಚಕ್ರಗಳನ್ನು ಮೇಲಿನಿಂದ ಹಿಡಿಯುವ ಸೇತುವೆಗಳ (ಬ್ರಿಜ್‌ಗಳ) ಆಕಾರವನ್ನು ಗಿರಾಕಿಯ ಇಷ್ಟದಂತೆ ಬದಲಿಸುತ್ತಿದ್ದರು, ಕೆತ್ತನೆಯೂ ಹಾಗೆಯೇ. ಡಯಲ್ ಕೆಳಗಿನ ಈ ಚಪ್ಪಟೆ ಸ್ಪ್ರಿಂಗಿನ ಆಕಾರವನ್ನು ಸುಮ್ಮನೆ ಯಾರೂ ಬದಲಿಸುತ್ತಿರಲಿಲ್ಲ. ಬಿಡಿಭಾಗಗಳ ಹಳೇ ಕ್ಯಾಟಲಾಗುಗಳು ಮಷಿನ್ ಗುರುತಿಸುವುದು ಇದೇ ಆಕಾರದಿಂದ. ನನ್ನದರಲ್ಲಿ ಮುದ್ರೆ ಇರಲಿಲ್ಲ, ಪೇಟೆಂಟ್ ಸಂಖ್ಯೆಯೂ ಇರಲಿಲ್ಲ. ಸ್ಪ್ರಿಂಗಿನ ನೇರ ಮೇಲಿನಿಂದ ಫೋಟೋ ತೆಗೆದು, ಅದರ ಪಕ್ಕ ವ್ಯಾಸವನ್ನು ಬರೆದುಕೊಂಡು ಪುಟ ಪುಟ ಹೋಲಿಸಿದೆ. ಆಕಾರ ಹೊಂದಿದರೂ ವ್ಯಾಸ ಹೊಂದದಿದ್ದರೆ ಅದು ಆ ಮಷಿನ್ ಅಲ್ಲ. ಒಂದೇ ಕಾರ್ಖಾನೆ ಒಂದೇ ಆಕಾರದ ಸ್ಪ್ರಿಂಗನ್ನು ಮೂರು ನಾಲ್ಕು ಅಳತೆಯಲ್ಲಿ ಮಾಡುತ್ತಿತ್ತು.

ಅಳತೆಯಲ್ಲಿ ಒಂದು ಎಡವಟ್ಟು ಕಾದಿರುತ್ತದೆ. ಸ್ವಿಸ್ ಲೆಕ್ಕ ಲಿನ್ಯದ್ದು, 1 ಲಿನ್ಯಕ್ಕೆ 2.256 ಮಿ.ಮೀ. ಅಮೆರಿಕದ ಲೆಕ್ಕ ‘ಸೈಜ್’, ಅಲ್ಲಿ 16 ಸೈಜ್ ಅಂದರೆ 43.18 ಮಿ.ಮೀ., 18 ಸೈಜ್ ಅಂದರೆ 44.87 ಮಿ.ಮೀ. 19 ಲಿನ್ಯ ಅಂದರೆ 42.86 ಮಿ.ಮೀ. ನೋಡಲು 16 ಸೈಜೂ 19 ಲಿನ್ಯೂ ಅವಳಿ ಜವಳಿ. ವರ್ನಿಯರ್ ಹಿಡಿದರೆ ಮಾತ್ರ 0.3 ಮಿ.ಮೀ. ವ್ಯತ್ಯಾಸ ಸಿಗುತ್ತದೆ. ನನ್ನದು 12ರಿಂದ 6ಕ್ಕೆ 42.9, ಆದರೆ 9ರಿಂದ 3ಕ್ಕೆ 42.6. ಪ್ಲೇಟು ದುಂಡಗಿಲ್ಲದಿರುವುದು ಹೇಗೆ? ಲೂಪಿನಲ್ಲಿ 9ರ ಅಂಚು ನೋಡಿದೆ: ಗಿಲೀಟು ಹೋಗಿ ಹಿತ್ತಾಳಿ ಕಾಣುತ್ತಿತ್ತು, ಮೇಲೆ ಅರದ ಗೆರೆಗಳು ಅಡ್ಡಡ್ಡ. ಹಿಂದೆ ಯಾರೋ ಇದನ್ನು ಹೊಂದದ ಕೇಸಿಗೆ ತುರುಕಲು ಮಷಿನನ್ನೇ ಅರದಿಂದ ತಿಕ್ಕಿದ್ದಾರೆ. ಇಂಥ ಕೆಲಸಕ್ಕೆ ನನ್ನ ಕಡೆಯಿಂದ ಕ್ಷಮೆ ಇಲ್ಲ. ಹುಡುಕಿದರೆ ಕೇಸ್ ಇನ್ನೊಂದು ಸಿಕ್ಕೀತು, ಇದೇ ಮಷಿನ್ ಮತ್ತೆ ಸಿಗುವುದಿಲ್ಲ. ಕೊರೆಯುವುದಿದ್ದರೆ ಕೇಸನ್ನು ಕೊರೆಯಬೇಕು. ಅದಕ್ಕಿಂತ ಒಳ್ಳೆಯದು, ಎರಡನ್ನೂ ಮುಟ್ಟದೆ ನಡುವೆ ಹಿತ್ತಾಳಿ ಬಳೆ ಕೂರಿಸುವುದು.

ಕೇಸ್ ಹುಡುಕುವ ಮೊದಲು ಇನ್ನೊಂದನ್ನು ತಿಳಿದಿರಬೇಕು. ಸ್ಟೆಮ್ಮೂ ಸೆಕೆಂಡಿನ ಡಯಲ್ಲೂ ಎದುರುಬದುರು ಇದ್ದರೆ ಅದು ತೆರೆದ ಮುಖದ ಕೇಸಿನ ಮಷಿನ್. ಒಂದಕ್ಕೊಂದು ಲಂಬಕೋನದಲ್ಲಿದ್ದರೆ ಮುಚ್ಚಳದ ಕೇಸಿನದು. ಅದನ್ನು ತೆರೆದ ಕೇಸಿಗೆ ಹಾಕಿದರೆ ಚಾವಿ 3ರ ಹತ್ತಿರ ಬರುತ್ತದೆ. ಸಮಯ ತಿದ್ದಲು ಚಾವಿ ಪಕ್ಕ ಉಗುರಿನಿಂದ ಒತ್ತುವ ಗುಂಡಿ ಬೇಕಾದ ಮಷಿನ್ ಆಗಿದ್ದರೆ, ಕೇಸಿನಲ್ಲೂ ಗುಂಡಿ ಅದೇ ಬದಿಗೆ ಇರಬೇಕು. ಅಮೆರಿಕದ ಮಷಿನ್‌ಗಳದು ಬೇರೆಯೇ ಸಂಸಾರ. ಅಲ್ಲಿ ಬಹಳಷ್ಟರಲ್ಲಿ ಸ್ಟೆಮ್ ಕೇಸಿನ ಕತ್ತಿನಲ್ಲೇ, ಸ್ಲೀವ್ (ಕತ್ತಿನೊಳಗಿನ ತಿರುಪಿನ ಕೊಳವೆ) ಒಳಗೆ ಉಳಿಯುತ್ತದೆ. ಸ್ಲೀವ್ ಮೇಲೆ ಉಳಿದರೆ ಸ್ಟೆಮ್ ಪೂರ್ತಿ ಒಳಕ್ಕೆ ಒತ್ತುವುದಿಲ್ಲ, ಚಾವಿ ಕೊಟ್ಟರೆ ಮುಳ್ಳು ತಿರುಗುತ್ತವೆ. ಕೆಳಗೆ ಹೋದರೆ ಮುಳ್ಳು ತಿದ್ದಲು ಬರುವುದಿಲ್ಲ. ಆದರೆ ಗಿರಾಕಿ ಅಂಗಡಿಯಲ್ಲೇ ಮಷಿನ್ ಬೇರೆ, ಕೇಸ್ ಬೇರೆ ಆರಿಸುತ್ತಿದ್ದ ಪದ್ಧತಿ ಅಲ್ಲಿಯದು, ಅಳತೆಗಳೂ ನಿಗದಿ. ಹಾಗಾಗಿ ವಾಲ್ಥಮ್, ಎಲ್ಜಿನ್ ಮಷಿನ್‌ಗೆ ಅದೇ ಕಾಲದ ಅದೇ ಸೈಜಿನ ಕೇಸ್ ಹಾಕಿದರೆ ತಪ್ಪೇನಿಲ್ಲ. ಅವುಗಳ ಸೀರಿಯಲ್ ನಂಬರಿನಿಂದ ವರ್ಷವೂ ಸಿಗುತ್ತದೆ. ಸ್ವಿಸ್‌ನಲ್ಲಿ ಕೇಸೂ ಮಷಿನ್ನೂ ಸಾಮಾನ್ಯವಾಗಿ ಒಂದಕ್ಕೊಂದು ಎಂದೇ ಹೊಂದಿಸಿದವು.

ಈಗಿನ ಯುನಿಟಾಸ್ 6497 ಮಷಿನ್‌ಗೆ ಮಾಡಿದ ಹೊಸ ಕೇಸುಗಳು ಇಲ್ಲಿ ಕೆಲಸಕ್ಕೆ ಬಾರವು, ಆ ಮಷಿನ್ 36.6 ಮಿ.ಮೀ. ಮಾತ್ರ. ಕೊನೆಗೆ ಸಿಕ್ಕದ್ದು ಒಂದು ಹಳೇ ನಿಕಲ್ ಕೇಸ್. ಬೆಳ್ಳಿಯದು ಸಿಕ್ಕರೆ ಒಳಗಿನ ಮುದ್ರೆ ನೋಡಬೇಕು: ಸ್ವಿಸ್ ಕರಡಿ ಇದ್ದರೆ ಬೆಳ್ಳಿಯ ಶುದ್ಧತೆ 0.875, ಕಾಡುಕೋಳಿ ಇದ್ದರೆ 0.800. ಮುದ್ರೆಯ ಜೊತೆಗೆ ಒಳ ಅಂಚಿನಲ್ಲಿ ಹಳೇ ಕೇಸ್ ಸ್ಕ್ರೂಗಳು ಒತ್ತಿದ ಗುರುತನ್ನೂ ಎಣಿಸಬೇಕು. ಎರಡಕ್ಕಿಂತ ಹೆಚ್ಚಿದ್ದರೆ ಕೇಸು ಈಗಾಗಲೇ ಒಂದೆರಡು ಮನೆ ಬದಲಿಸಿದೆ.

ನನ್ನ ಕೇಸಿನ ಒಳವ್ಯಾಸ 45.2 ಮಿ.ಮೀ. (ಮುಂದಿನ ಅಳತೆಗಳೂ ಮಿ.ಮೀ.ನಲ್ಲೇ), ಡಯಲ್ ಬದಿಯ ಮೆಟ್ಟಿಲು 46.4. ಮಷಿನ್ ಮೇಲಂಚು 42.9, ಅಂಚಿನ ದಪ್ಪ 0.5, ಅಂಚಿನ ಕೆಳಗಿನ ಮೈ 42.0. ಇವೆಲ್ಲಕ್ಕಿಂತ ಮುಖ್ಯ ಸ್ಟೆಮ್ಮಿನ ಎತ್ತರ. ಮಷಿನ್‌ನಲ್ಲಿ ಸ್ಟೆಮ್ಮಿನ ನಡುಬಿಂದು ಅಂಚಿನ ತಳದಿಂದ 2.1 ಕೆಳಗೆ, ಕೇಸಿನ ಕತ್ತಿನ ತೂತು ಮೆಟ್ಟಿಲಿನಿಂದ 2.4 ಕೆಳಗೆ. ಈ 0.3 ಬಿಟ್ಟರೆ ಸ್ಟೆಮ್ ಓರೆಯಾಗಿ ನುಗ್ಗುತ್ತದೆ, ವರ್ಷದೊಳಗೆ ಪ್ಲೇಟಿನ ತೂತು ಮೊಟ್ಟೆಯಾಕಾರವಾಗುತ್ತದೆ. ಹಾಗಾಗಿ ಬಳೆಯ ಅಳತೆ ಹೀಗೆ ಕೊಟ್ಟೆ: ಹೊರವ್ಯಾಸ 45.1, ಮೇಲೆ 46.3 ವ್ಯಾಸದ 0.5 ದಪ್ಪದ ತುಟಿ, ಒಳಬೋರು 42.1, ಅದರ ಮೇಲೆ 43.0 ವ್ಯಾಸದ ತಗ್ಗು, ತುಟಿಯ ಮೇಲ್ಮೈಯಿಂದ 0.8 ಆಳ. ತುಟಿಯ 0.5 ಕಳೆದರೆ ಉಳಿಯುವ 0.3 ಮಷಿನನ್ನು ಕೆಳಗಿಳಿಸಿ ಸ್ಟೆಮ್ಮನ್ನು ಕತ್ತಿನ ನೇರಕ್ಕೆ ತರುತ್ತದೆ.

ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಲೇತ್‌ಗಳಿಗೇನು ಬರವಿಲ್ಲ, ಆದರೆ ಪಂಪಿನ ಶಾಫ್ಟ್ ಕಡೆಯುವವರಿಗೆ ಇದು ಅತಿ ಸಣ್ಣ ಕೆಲಸ. ಚಿತ್ರದಲ್ಲಿ ‘ಜಾಸ್ತಿ ಆದರೂ 0.05’ ಎಂದು ಬರೆಯಲೇಬೇಕು. ಒಳಗಿನ ಬೋರು ಮತ್ತು ತಗ್ಗನ್ನು ಒಂದೇ ಹಿಡಿತದಲ್ಲಿ ಕಡೆಯಲು ಹೇಳಬೇಕು. ಚಕ್ಕಿನಿಂದ (ಲೇತ್‌ನ ಹಿಡಿತದಿಂದ) ಒಮ್ಮೆ ಬಿಚ್ಚಿ ಮತ್ತೆ ಹಿಡಿದರೆ ಎರಡರ ಕೇಂದ್ರ ತಪ್ಪುತ್ತದೆ. ತೆಳು ಬಳೆಯನ್ನು ಚಕ್ಕಿನ ಮೂರು ದವಡೆ ಅಮುಕಿದರೆ ಬಿಚ್ಚಿದಾಗ ಮುಮ್ಮೂಲೆ ಆಗಿರುತ್ತದೆ, ಆದ್ದರಿಂದ ದಪ್ಪ ಕಂಬಿಯ ತುದಿಯಲ್ಲೇ ಕಡೆದು ಕೊನೆಗೆ ಕತ್ತರಿಸಬೇಕು. ನನ್ನ ಮೊದಲ ಬಳೆ ಸ್ಟೆಮ್ಮಿನ ತೂತಿನಿಂದ ಕೆಟ್ಟಿತು. ಕಣ್ಣಂದಾಜಿನಲ್ಲಿ ಕೈ ಡ್ರಿಲ್ಲು ಹಾಕಿದ್ದರು, ತೂತು ವಾಲಿತ್ತು. ಚಾವಿ ಕೊಟ್ಟರೆ ಉಸುಕಿನಲ್ಲಿ ತಿರುಗಿಸಿದ ಹಾಗೆ ಕೈಗೆ ತಾಕುತ್ತಿತ್ತು. ಎರಡನೇ ಬಳೆಗೆ ತೂತೇ ಹಾಕಿಸಲಿಲ್ಲ. ಕೇಸಿನಲ್ಲಿ ಕೂರಿಸಿ, ಕತ್ತಿನೊಳಗಿಂದ ಸೂಜಿ ತೂರಿಸಿ ಗುರುತು ಮಾಡಿ, ಹಿಂಬದಿಯಿಂದ 2.6 ಮಿ.ಮೀ. ಅಗಲದ ಗಾಳೆ (ಸೀಳು) ಕೊರೆದೆ. ಸ್ಟೆಮ್ 1.8, ಸುತ್ತಲೂ ಗಾಳಿ ಇರಲಿ ಎಂದು. ಮಷಿನ್ ಅಂಚಿನಲ್ಲಿ ಒಂದು ಸಣ್ಣ ಪಿನ್ ಇರುತ್ತದೆ, ಅದಕ್ಕೊಂದು ಗಾಳೆ. ಬಳೆ ಕೇಸಿನಲ್ಲಿ ಸುತ್ತದಂತೆ ಬಳೆಗೂ ಒಂದು ಪಿನ್. ಇವಿಲ್ಲದಿದ್ದರೆ ಚಾವಿ ಕೊಡುವಾಗಿನ ಭಾರವೆಲ್ಲ ಸ್ಟೆಮ್ಮಿನ ಮೇಲೆ. ಅರ ಹಚ್ಚಿದ 9ರ ಬದಿಗೆ 0.25 ಮಿ.ಮೀ. ಹಿತ್ತಾಳಿ ತಗಡಿನ ಪಟ್ಟಿ ಇಟ್ಟು ಸರಿದೂಗಿಸಿದೆ.

ಮೂಲ ಕೇಸ್ ಸ್ಕ್ರೂಗಳ ತಲೆ ಬಳೆ ದಾಟಿ ಕೇಸಿನ ಅಂಚಿಗೆ ಮುಟ್ಟಲಿಲ್ಲ. ತಲೆಯ ಕೆಳಗೆ 0.4 ದಪ್ಪದ ಎರಡು ಹಿತ್ತಾಳಿ ಕ್ಲ್ಯಾಂಪ್ ಕೊಟ್ಟೆ. ಉಕ್ಕಿನದು ಬೇಡ, ಬ್ಯಾಲೆನ್ಸ್ ಹತ್ತಿರ ಅಯಸ್ಕಾಂತ ಹಿಡಿದ ಚೂರು ಇರಕೂಡದು.

ಹಿಂದಿನ ಮುಚ್ಚಳ ಮುಚ್ಚುವ ಮುಂಚೆ ಜಾಗ ಪರೀಕ್ಷಿಸಬೇಕು. ಬ್ಯಾಲೆನ್ಸ್ ಕಾಕ್ (ಬ್ಯಾಲೆನ್ಸನ್ನು ಮೇಲಿನಿಂದ ಹಿಡಿಯುವ ತುಂಡು) ಮೇಲೆ ತೆಳು ಪ್ಲಾಸ್ಟಿಕ್ ಹಾಸಿ, ಮಕ್ಕಳ ಆಟದ ಮಣ್ಣಿನ ಸಾಸಿವೆ ಗಾತ್ರದ ಉಂಡೆ ಇಟ್ಟು ಮುಚ್ಚಳ ಒತ್ತಿ ತೆಗೆದೆ. ಉಂಡೆ 0.5ಕ್ಕೆ ಚಪ್ಪಟೆಯಾಗಿತ್ತು. 0.3ಕ್ಕಿಂತ ಕಡಿಮೆ ಬಂದರೆ ಕಿಸೆಯಲ್ಲಿ ಮುಚ್ಚಳ ಅಮುಕಿದಾಗ ಗಡಿಯಾರ ನಿಲ್ಲುತ್ತದೆ, ತೆಗೆದು ನೋಡಿದರೆ ಓಡುತ್ತಿರುತ್ತದೆ. ಇದೇ ರೀತಿ ನಿಮಿಷದ ಮುಳ್ಳಿಗೂ ಗಾಜಿಗೂ, ಡಯಲ್ಲಿಗೂ ಗಾಜಿನ ಬಳೆಗೂ ನಡುವೆ. ಗಾಜಿನ ಬಳೆ ಡಯಲ್ ಮುಟ್ಟಿದರೆ ಎನಾಮಲ್ ಇವತ್ತಲ್ಲ ನಾಳೆ ಸೀಳುತ್ತದೆ.

ಸ್ಟೆಮ್ಮನ್ನು ಉದ್ದ ಇಟ್ಟುಕೊಂಡು 0.2ರಂತೆ ತಗ್ಗಿಸುತ್ತ ಬಂದೆ. ಒಳಗೆ ಒತ್ತಿದಾಗ ಚಾವಿಗೂ ಕತ್ತಿಗೂ ನಡುವೆ 0.2ರಿಂದ 0.3 ಉಳಿಯಬೇಕು. ಚಾವಿ ಮೊದಲೇ ಕತ್ತಿಗೆ ತಾಗಿದರೆ ಸ್ಟೆಮ್ ಪೂರ್ತಿ ಇಳಿಯುವುದಿಲ್ಲ, ಕ್ಲಚ್ (ಸ್ಟೆಮ್ ಮೇಲೆ ಸರಿದಾಡುವ ಹಲ್ಲಿನ ಚಕ್ರ) ಅರ್ಧಕ್ಕೆ ನಿಂತು ಹಲ್ಲು ಜಾರುತ್ತದೆ.

ಮೇನ್‌ಸ್ಪ್ರಿಂಗ್ ಸೋತಿತ್ತು. ಹೊಸದರ ಅಳತೆಗೆ ಲೆಕ್ಕ ಇದೆ: ಬ್ಯಾರಲ್ಲಿನ (ಸ್ಪ್ರಿಂಗ್ ಕೂರುವ ಡಬ್ಬಿ) ಒಳ ತ್ರಿಜ್ಯದ ವರ್ಗದಿಂದ ಆರ್ಬರಿನ (ಅದರ ನಡುವಿನ ಅಚ್ಚು) ತ್ರಿಜ್ಯದ ವರ್ಗ ಕಳೆದು, 3.14ರಿಂದ ಗುಣಿಸಿ, ಸ್ಪ್ರಿಂಗಿನ ದಪ್ಪದ ಎರಡರಷ್ಟರಿಂದ ಭಾಗಿಸಬೇಕು. ಬ್ಯಾರಲ್ಲಿನ ಒಳವ್ಯಾಸ 16.0, ಆರ್ಬರಿನ ವ್ಯಾಸ 5.3, ದಪ್ಪ 0.19 ಹಿಡಿದರೆ ಉದ್ದ ಸುಮಾರು 470 ಮಿ.ಮೀ. ಅಗಲ ಬ್ಯಾರಲ್ಲಿನ ಒಳ ಎತ್ತರಕ್ಕಿಂತ 0.15 ಕಡಿಮೆ. ತೊಳೆಯುವುದು ಎಲ್ಲರಿಗೂ ಗೊತ್ತಿದ್ದದ್ದೇ, ಒಂದು ಮಾತು ಮಾತ್ರ: ಪ್ಯಾಲೆಟನ್ನು (ಚಕ್ರವನ್ನು ಒಂದೊಂದೇ ಹಲ್ಲು ಬಿಡುವ ಕೊಂಡಿ) ಸ್ಪಿರಿಟ್‌ನಲ್ಲಿ ನೆನೆಸಬಾರದು, ಕಲ್ಲು ಹಿಡಿದಿಟ್ಟ ಅರಗು ಕರಗುತ್ತದೆ. ಬಿಳಿ ಪೆಟ್ರೋಲ್ ಸಾಕು. ವೇಗದ ಪಿವಟ್‌ಗಳಿಗೆ ಮೋಬಿಯಸ್ ಕಂಪನಿಯ 9010 ಎಣ್ಣೆ, ನಡುವಿನ ಚಕ್ರ ಮತ್ತು ಬ್ಯಾರಲ್ ಆರ್ಬರಿಗೆ ಡಿ5, ಮೇನ್‌ಸ್ಪ್ರಿಂಗಿಗೆ 8300 ಗ್ರೀಸ್.

ಗಾಜಿನ ಬಳೆಯ ಒಳಗಾಲುವೆ 41.6, ಹಾಕಿದ ಅಕ್ರಿಲಿಕ್ ಗಾಜು 41.8. ಸಡಿಲ ಗಾಜು ಈ ಕಡೆ ನಡೆಯುವುದಿಲ್ಲ. ಏಪ್ರಿಲ್‌ನಲ್ಲಿ ಎರಿ ಹೊಲದ ಧೂಳು ಗದಗ, ನವಲಗುಂದದ ಗಾಳಿಗೆ ಎದ್ದರೆ ಎಲ್ಲ ಸಂದಿಗೂ ನುಗ್ಗುತ್ತದೆ.

ಟೈಮಿಂಗ್ ಮಷಿನ್‌ನಲ್ಲಿ ಗಂಟೆಗೆ 18,000 ಬೀಟ್, ಲಿಫ್ಟ್ ಆ್ಯಂಗಲ್ 52 ಡಿಗ್ರಿ ಇಟ್ಟು ನೋಡಿದೆ. ಡಯಲ್ ಮೇಲಾಗಿ ಆಂಪ್ಲಿಟ್ಯೂಡ್ (ಬ್ಯಾಲೆನ್ಸ್ ಆಡುವ ಕೋನ) 255 ಡಿಗ್ರಿ, ಚಾವಿ ಮೇಲಾಗಿ 215. ಕಿಸೆಯಲ್ಲಿ ಗಡಿಯಾರ ನಿಂತೇ ಇರುತ್ತದೆ, ಹಾಗಾಗಿ ಚಾವಿ ಮೇಲಾದ ಭಂಗಿಗೇ ತಿದ್ದಿ ದಿನಕ್ಕೆ 10 ಸೆಕೆಂಡಿನೊಳಗೆ ತಂದೆ. ಮಲಗಿಸಿದರೆ 25 ಸೆಕೆಂಡು ಮುಂದೆ ಓಡುತ್ತದೆ, ಅದನ್ನು ಹಾಗೇ ಬಿಟ್ಟೆ.

ಹಿಂದಿನ ಮುಚ್ಚಳದೊಳಗೆ ದುಂಡಗೆ ಕತ್ತರಿಸಿದ ಒಂದು ತೆಳು ಕಾಗದ ಇಟ್ಟಿದ್ದೇನೆ: ಮಷಿನ್ 19 ಲಿನ್ಯ, ಕೇಸ್ ಬೇರೆಯದು, ಬಳೆ ಹೊಸದು, ಸ್ಟೆಮ್ ಹೊಸದು, 9ರ ಬದಿಯ ಅರದ ಗುರುತು ಹಳೆಯದು, ಕೇಸ್ ಕೂರಿಸಿದ ತಿಂಗಳು, ವರ್ಷ.