ಮದುವೆ ಬಸ್ತಾಕ್ಕೆ ಬರುವವರಿಗಾಗಿ ಒಂದು ಮಾಲ್

ಹುಬ್ಬಳ್ಳಿಯ ದೊಡ್ಡ ಮಾಲ್ ಒಂದರ ವಿನ್ಯಾಸ ನಮ್ಮ ತಂಡಕ್ಕೆ ಬಂದಾಗ ಮಾಲೀಕರು ತೋರಿಸಿದ್ದು ಬೆಂಗಳೂರಿನ ಮಾಲ್‌ಗಳ ಫೋಟೊ. ನಾನು ಮೊದಲು ಹೋಗಿದ್ದು ಊರಿನ ಪೇಟೆಯಾದ ದುರ್ಗದ ಬೈಲಿಗೆ. ಲಗ್ನದ ದಿನಗಳಲ್ಲಿ ಗದಗ, ಹಾವೇರಿ, ಕುಂದಗೋಳ, ಯಲ್ಲಾಪುರದ ಕಡೆಯಿಂದ ಕ್ರೂಸರ್ ಮಾಡಿಕೊಂಡು ಮನೆಮಂದಿಯೆಲ್ಲ ಬಸ್ತಾಕ್ಕೆ, ಅಂದರೆ ಮದುವೆಯ ಬಟ್ಟೆಬರೆ ಕೊಳ್ಳಲು, ಬರುತ್ತಾರೆ. ಸೀರೆ ಆರಿಸುವವರು ನಾಲ್ಕು ಜನ, ಕಾಯುವವರು ಹತ್ತು ಜನ. ಬಟ್ಟೆ ಆದ ಮೇಲೆ ಬಂಗಾರ, ಆಮೇಲೆ ಪಾತ್ರೆ, ಬಳೆ. ಸಂಜೆಯವರೆಗೂ ಊರಲ್ಲೇ ಇರುತ್ತಾರೆ. ಹಲವು ಜಿಲ್ಲೆಗಳನ್ನು ನೆಚ್ಚಿಕೊಂಡು ಕಟ್ಟುವ ಮಾಲ್‌ಗೆ ಈ ಕುಟುಂಬವೇ ಅಳತೆಗೋಲು ಎಂದು ನಾನು ಮೊದಲ ಸಭೆಯಲ್ಲೇ ಹೇಳಿದೆ.

ಹಾಗಾಗಿ ನಕ್ಷೆ ಶುರುವಾಗಿದ್ದು ಪಾರ್ಕಿಂಗ್‌ನಿಂದ. ಕಂಬದಿಂದ ಕಂಬಕ್ಕೆ 8.4 ಮೀಟರ್ ಇಟ್ಟೆವು. 2.5 ಮೀಟರ್ ಅಗಲದ ಮೂರು ಕಾರಿನ ಜಾಗ ಕಂಬಗಳ ನಡುವೆ ಕೂರುತ್ತದೆ, ಮೇಲಿನ ಮಹಡಿಯಲ್ಲಿ ಅದೇ ಅಂತರ 4.2 ಮೀಟರಿನ ಎರಡು ಅಂಗಡಿಗಳಾಗುತ್ತದೆ. ಆದರೆ ಕ್ಯಾರಿಯರ್ ಮೇಲೆ ಗಂಟು ಕಟ್ಟಿದ ಕ್ರೂಸರ್, ಟೆಂಪೊ ಟ್ರಾವೆಲರ್ ಬೇಸ್‌ಮೆಂಟಿಗೆ ಇಳಿಯುವುದಿಲ್ಲ. ಅವಕ್ಕೆ ನೆಲದ ಮೇಲೆಯೇ ಜಾಗ ಬಿಡಿಸಿದೆ. ಆ ಜಾಗಕ್ಕಾಗಿ ನಡೆದಷ್ಟು ವಾದ ಬೇರೆ ಯಾವುದಕ್ಕೂ ನಡೆಯಲಿಲ್ಲ.

ಬೇಸ್‌ಮೆಂಟನ್ನೂ ಒಂದೇ ಅಂತಸ್ತಿಗೆ ನಿಲ್ಲಿಸಿದೆವು. ಅಲ್ಲಿಯದು ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ತಡೆಗೋಡೆಯನ್ನು ಒಳಕ್ಕೆ ನೂಕುತ್ತದೆ. ನೆಲದಾಳಕ್ಕೆ ಕಾಂಕ್ರೀಟಿನ ಪೈಲ್ ಕಂಬಗಳನ್ನು ಇಳಿಸಿ, ಗೋಡೆಯ ಹಿಂದಿನ ಎರೆಮಣ್ಣು ತೆಗೆಸಿ ಗರಸು ತುಂಬಿಸಿದೆವು.

ಎರಡು ತುದಿಗೆ ಎರಡು ದೊಡ್ಡ ಅಂಗಡಿ, ನಡುವೆ ಸೂರಿನಡಿಯ ಅಂಗಳ ಎಂಬ ಪದ್ಧತಿಯನ್ನು ರೂಢಿಗೆ ತಂದದ್ದು ವಾಸ್ತುಶಿಲ್ಪಿ ವಿಕ್ಟರ್ ಗ್ರೂಯೆನ್ ವಿನ್ಯಾಸದಲ್ಲಿ 1956ರಲ್ಲಿ ಅಮೆರಿಕದ ಮಿನೆಸೊಟಾದಲ್ಲಿ ತೆರೆದ ಸೌತ್‌ಡೇಲ್ ಮಾಲ್. ಹಿಮ ಸುರಿಯುವ ಊರಿಗೆ ಎಲ್ಲ ಕಡೆ ಮುಚ್ಚಿದ ಕಟ್ಟಡವೇ ಸರಿ. ಹುಬ್ಬಳ್ಳಿಯಲ್ಲಿ ಸಂಜೆ ಗಾಳಿ ಆಡುತ್ತದೆ. ಅಂಗಳದ ಮೇಲೆ ಚಾವಣಿ ಹಾಕಿ ಪಕ್ಕಗಳನ್ನು ತೆರೆದೇ ಬಿಟ್ಟೆವು. ಎಸಿ ಅಂಗಡಿಗಳ ಒಳಗೆ ಮಾತ್ರ. ವಿದ್ಯುತ್ ಉಳಿಯುವುದಷ್ಟೇ ಅಲ್ಲ, ಬೆಂಕಿ ಬಿದ್ದರೆ ಹೊಗೆಗೂ ಹೊರದಾರಿ ಇರುತ್ತದೆ. ಮಕ್ಕಳು ಮುದುಕರು ದಿನವಿಡೀ ಇರುವ ಜಾಗವಾದ್ದರಿಂದ ನಿರ್ಗಮನದ ಬಾಗಿಲುಗಳಲ್ಲಿ ನಾನು ಒಂದಿಷ್ಟೂ ಸಡಿಲ ಬಿಡಲಿಲ್ಲ. ಬೆಂಕಿ ಬಿದ್ದರೆ ತಾನಾಗಿ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಇದ್ದರೂ ಯಾವ ಮೂಲೆಯಿಂದಲೂ 45 ಮೀಟರ್ ಒಳಗೆ ಬಾಗಿಲು ಸಿಗಬೇಕೆಂಬ ನಿಯಮವನ್ನು ಪ್ರತಿ ಅಂಗಡಿಯ ನಕ್ಷೆಯ ಮೇಲೂ ಗೆರೆ ಎಳೆದು ನೋಡಿದ್ದೇವೆ.

ನೆಲಮಹಡಿಯ ಒಂದು ತುದಿಯನ್ನು ಸೀರೆ ಅಂಗಡಿಗೆ ಕೊಡಬೇಕೆಂದೆ. ಬಾಡಿಗೆ ವ್ಯವಹಾರ ನೋಡುವವರಿಗೆ ಅಲ್ಲಿ ಹೊರದೇಶದ ಬ್ರ್ಯಾಂಡ್ ಬೇಕಿತ್ತು. ದುರ್ಗದ ಬೈಲಿನಲ್ಲಿ ಕಂಡದ್ದನ್ನು ವಿವರಿಸಿದ ಮೇಲೆ ಒಪ್ಪಿದರು. ಗಾದಿ ಹಾಸಿ ಸೀರೆ ಬಿಚ್ಚಲು ಕಂಬವಿಲ್ಲದ ನೆಲ ಬೇಕೆಂದು ಅಲ್ಲಿ ಮಾತ್ರ ನಡುವಿನ ಕಂಬಗಳನ್ನು ತೆಗೆದು ದಪ್ಪನೆಯ ತೊಲೆ ಕೊಟ್ಟೆವು. ಎದುರಿನ ಅಂಗಳದಲ್ಲಿ ಬೆನ್ನಾನಿಸಿ ಕೂರುವ ಕಟ್ಟೆ, ಪಕ್ಕದಲ್ಲೇ ಶೌಚಾಲಯ, ಮಗುವಿಗೆ ಹಾಲು ಕುಡಿಸುವ ಕೋಣೆ. ಬಂಗಾರ, ಪಾತ್ರೆ, ಬಳೆ ಅದೇ ಸಾಲಿನಲ್ಲಿ. ಊಟಕ್ಕೆ ಮೇಲಿನ ಮಹಡಿ, ರೊಟ್ಟಿಯ ಖಾನಾವಳಿಗೂ ಸೇರಿಸಿ. ಅಡುಗೆಮನೆಯ ಹೊಗೆ ಕೊಳವೆಗೆ ಸ್ಲ್ಯಾಬ್ ಹಾಕುವ ಮೊದಲೇ ಜಾಗ ಬಿಡಬೇಕು. ಆಮೇಲೆ ಕೊರೆದರೆ ಕೆಳಗಿನ ಅಂಗಡಿಗೆ ಜಿಡ್ಡು ಇಳಿಯುತ್ತದೆ.

ಬಾಡಿಗೆ ಕರಾರನ್ನೂ ಪಂಚಾಂಗ ನೋಡಿಯೇ ಬರೆಸಿದರು: ಕನಿಷ್ಠ ಬಾಡಿಗೆ ಆಷಾಢದಲ್ಲೂ ಕಟ್ಟಲು ಆಗುವಷ್ಟು, ಲಗ್ನದ ತಿಂಗಳುಗಳಲ್ಲಿ ಅದರ ಮೇಲೆ ಮಾರಾಟದಲ್ಲಿ ಪಾಲು.