ಎಲ್ಲಾ ಗೊತ್ತು ಅನ್ನುವವರನ್ನು ನಾನು ಕೇಳುವ ಪ್ರಶ್ನೆ

ನಾನು ಮೋಟರ್ ರಿಪೇರಿ ವರ್ಕ್‌ಶಾಪ್ ನೋಡಿಕೊಳ್ಳುತ್ತೇನೆ. ಎಲ್ಲಾ ಬಲ್ಲೆ ಅನ್ನುವವರು ಇಲ್ಲೂ ಇದ್ದಾರೆ. ಇನ್ನೊಬ್ಬರ ಮಾತು ಮುಗಿಯುವ ಮೊದಲೇ ತೀರ್ಪು ಕೊಟ್ಟಿರುತ್ತಾರೆ. ಅವರ ಜೊತೆ ವಾದಕ್ಕೆ ಇಳಿದರೆ ಪಟ್ಟು ಜಾಸ್ತಿಯಾಗುತ್ತದೆ, ಮನಸ್ಸೂ ಕೆಡುತ್ತದೆ. ಹಾಗಾಗಿ ನಾನು ವಾದ ಮಾಡುವುದಿಲ್ಲ. "ಅದು ಹೇಗೆ ಆಗುತ್ತೆ, ಬಿಡಿಸಿ ಹೇಳಿ" ಅಂತ ಕೇಳುತ್ತೇನೆ.

ಒಮ್ಮೆ ಒಂದು ಸಿಂಗಲ್ ಫೇಸ್ ಮೋಟರ್ ಬಂತು. ಸ್ವಿಚ್ ಹಾಕಿದರೆ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ನಮ್ಮ ಹಿರಿಯ ಮೆಕ್ಯಾನಿಕ್ ದೂರದಿಂದಲೇ, "ಕೆಪಾಸಿಟರ್ ಹೋಗಿದೆ, ಹೊಸದು ಹಾಕು" ಅಂದರು. ಏನೋ ಹೇಳಲು ಬಾಯಿ ತೆರೆದಿದ್ದ ಹುಡುಗ ಸುಮ್ಮನಾದ.

"ಅಣ್ಣ, ಕೆಪಾಸಿಟರ್ ಹೋದ್ರೆ ಯಾಕೆ ತಿರುಗಲ್ಲ? ಇವನಿಗೂ ಸ್ವಲ್ಪ ಹೇಳಿ" ಅಂದೆ.

ಅವರು ಖುಷಿಯಿಂದಲೇ ಶುರು ಮಾಡಿದರು. ಸ್ಟಾರ್ಟಿಂಗ್ ವೈಂಡಿಂಗ್, ಅಂದ್ರೆ ಮೋಟರ್ ತಿರುಗೋಕೆ ಶುರು ಮಾಡಿಸೋ ತಂತಿ ಸುತ್ತು, ಕೆಲಸ ಮಾಡಲ್ಲ, ತಿರುಗೋಕೆ ಬೇಕಾದ ಮೊದಲ ಬಲ ಸಿಗಲ್ಲ, ಅದಕ್ಕೇ ನಿಂತಲ್ಲೇ ಗುಂಯ್ ಅನ್ನುತ್ತೆ ಅಂದರು. ಅಲ್ಲಿಗೆ ಮಾತು ನಿಂತಿತು. "ಬೇರಿಂಗ್ ಹಿಡಿದುಕೊಂಡಿದ್ರೂ ಹೀಗೇ ಸದ್ದು ಬರುತ್ತಲ್ವಾ?" ಅಂತ ಅವರೇ ಕೇಳಿದರು. ಕರೆಂಟ್ ಕನೆಕ್ಷನ್ ತೆಗೆದು, ಬೇರಿಂಗ್ ಮೇಲೆ ತಿರುಗುವ ಶಾಫ್ಟನ್ನು, ಅಂದರೆ ಮೋಟರಿನ ನಡುವಿನ ದಂಡವನ್ನು, ಕೈಯಿಂದ ತಿರುಗಿಸಿ ನೋಡಿದರು. ಅಲುಗಲೇ ಇಲ್ಲ. ಹುಡುಗ ಹೇಳಬೇಕೆಂದಿದ್ದೂ ಅದನ್ನೇ.

ಇದರ ಹಿಂದೆ ಮನಸ್ಸಿನ ಒಂದು ಗುಣ ಇದೆ. ಯೇಲ್ ವಿಶ್ವವಿದ್ಯಾಲಯದ ರೋಜೆನ್‌ಬ್ಲಿಟ್ ಮತ್ತು ಕೈಲ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಝಿಪ್, ಬೀಗದಂಥ ವಸ್ತುಗಳು ಹೇಗೆ ಕೆಲಸ ಮಾಡುತ್ತವೆ ಅನ್ನೋದು ನಿಮಗೆ ಎಷ್ಟು ಗೊತ್ತು ಅಂತ ಜನರನ್ನು ಕೇಳಿದ್ದರು. ಆಮೇಲೆ ಹಂತಹಂತವಾಗಿ ವಿವರಣೆ ಬರೆಸಿದರು. ಬರೆದ ಮೇಲೆ ಜನ ತಮಗೆ ತಾವೇ ಕೊಟ್ಟ ಅಂಕ ಇಳಿಯಿತು. ದಿನಾ ಬಳಸುವ ವಸ್ತು, ಹೆಸರೂ ಗೊತ್ತು. ಅದರಿಂದಲೇ ಒಳಗಿನದೂ ಗೊತ್ತು ಅನ್ನಿಸಿಬಿಡುತ್ತದೆ. ಎಲ್ಲರಿಗೂ ಆಗುವಂಥದ್ದು ಇದು. ಅದಕ್ಕೇ ಇಂಥವರನ್ನು ಬರೀ ಅಹಂಕಾರಿ ಅಂದುಬಿಡೋದು ನನಗೆ ಸರಿ ಕಾಣುವುದಿಲ್ಲ.

ಕೇಳುವ ದನಿ ಮಾತ್ರ ಮುಖ್ಯ. ಸಿಕ್ಕಿಸಿಹಾಕಲು ಕೇಳಿದರೆ ಎದುರಿನವರಿಗೆ ತಕ್ಷಣ ಗೊತ್ತಾಗುತ್ತದೆ. ಗಿರಾಕಿಯ ಎದುರಿಗಂತೂ ಕೇಳಲೇಬಾರದು. ನಿಜವಾಗಿ ಬಲ್ಲವರಾದರೆ ವಿವರಣೆ ಸಲೀಸಾಗಿ ಬರುತ್ತದೆ, ಆಗ ಕಲಿಯುವ ಸರದಿ ನನ್ನದು.

ಜೊತೆಗೆ ಇನ್ನೊಂದು ಪದ್ಧತಿಯನ್ನೂ ತಂದಿದ್ದೇನೆ. ಮೋಟರ್ ಬಿಚ್ಚುವ ಮೊದಲು ಎಲ್ಲರಿಗಿಂತ ಕಿರಿಯವರು ತಮಗನ್ನಿಸಿದ್ದನ್ನು ಹೇಳಬೇಕು. ಹಿರಿಯರ ಮಾತು ಕೊನೆಗೆ.